ದೋಣಿಯ ಎಂಜಿನ್ನು ಅತಿಯಾಗಿ ಬಿಸಿಯಾಗುವುದೇಕೆ?

ನೀರಿನ ಮೇಲೆಯೇ ತೇಲುವ ದೋಣಿಯ ಎಂಜಿನ್ನು ಬಿಸಿಯಿಂದ ಕೆಡುವುದುಂಟೆ? ಉಂಟು, ದಡ ಕಾಣದೆಡೆಯಲ್ಲಿ ಹಾಗಾದರೆ ದೋಣಿಯವರ ಪ್ರಾಣಕ್ಕೇ ಅಪಾಯ. ಮಲ್ಪೆಯಂತಹ ಬಂದರುಗಳಲ್ಲಿ ನಾಡದೋಣಿಗಳ ಹಿಂಬದಿಗೆ ತೂಗಿಸಿದ ಎಂಜಿನ್ನುಗಳನ್ನು ನಾವು ನೋಡಬಹುದು. ಓಡುವಾಗ ಅವುಗಳಿಂದ ಸಣ್ಣ ನೀರಿನ ಧಾರೆಯೊಂದು ಚಿಮ್ಮುತ್ತಿರುತ್ತದೆ. ರಬ್ಬರಿನ ರೆಕ್ಕೆಗಳುಳ್ಳ ಪಂಪು ಕಡಲ ನೀರನ್ನು ಹೀರಿ ಸಿಲಿಂಡರಿನ ಸುತ್ತ ಹರಿಸುತ್ತಿದೆಯೆಂಬುದಕ್ಕೆ ಅದೇ ಗುರುತು.

ಒಂದು ಲೆಕ್ಕ ಮಾಡೋಣ. ನೀರಿಗೆ ಸೇರುವ ಉಷ್ಣ 10 ಕಿಲೋವಾಟ್, ಹರಿವು ಮಿನಿಟಿಗೆ 10 ಲೀಟರ್ ಎಂದಿಟ್ಟುಕೊಳ್ಳೋಣ. ಒಂದು ಲೀಟರ್ ಕಡಲ ನೀರಿನ ಉಷ್ಣತೆಯನ್ನು 1 ಡಿಗ್ರಿ ಏರಿಸಲು ಸುಮಾರು 4 ಕಿಲೋಜೂಲ್ ಬೇಕು. ಮಿನಿಟಿಗೆ 600 ಕಿಲೋಜೂಲ್ ಸೇರುವುದರಿಂದ ಏರಿಕೆ 15 ಡಿಗ್ರಿ. ಹರಿವು ಅರ್ಧಕ್ಕಿಳಿದರೆ 30 ಡಿಗ್ರಿ! ಆದುದರಿಂದ ದೋಷವನ್ನು ಮೊದಲು ನೀರಿನ ದಾರಿಯಲ್ಲಿಯೇ ಹುಡುಕಬೇಕು.

ಧಾರೆ ಸೊರಗಿದೊಡನೆ ಎಂಜಿನ್ನನ್ನು ನಿಲ್ಲಿಸಿ, ನೀರು ಒಳಸೇರುವ ಬಾಯಿಗೆ ಪಾಚಿಯೋ ಪ್ಲಾಸ್ಟಿಕ್ ಚೀಲವೋ ಅಂಟಿದ್ದರೆ ತೆಗೆಯಬೇಕು. ಬಾಯಿ ಶುದ್ಧವಾಗಿದ್ದರೆ, ದಡ ಸೇರಿದ ಮೇಲೆ ಪಂಪನ್ನು ಬಿಚ್ಚಬೇಕು. ರೆಕ್ಕೆ ಮುರಿದಿದ್ದರೆ ಹೊಸದನ್ನು ಹಾಕಿದರಷ್ಟೇ ಸಾಲದು. ಮುರಿದ ಚೂರುಗಳನ್ನೂ ನಾಳಗಳಿಂದ ಹುಡುಕಿ ತೆಗೆಯಬೇಕು. ಬಳಿಕ ಥರ್ಮೋಸ್ಟ್ಯಾಟನ್ನು ಬಿಸಿನೀರಿನಲ್ಲಿಳಿಸಿ ನೋಡಬೇಕು. ಗೊತ್ತಾದ ಉಷ್ಣತೆಯಲ್ಲಿ ತೆರೆಯದಿದ್ದರೆ ಬದಲಿಸಬೇಕು. ನಾಳಗಳ ಒಳಗೋಡೆಗೆ ಕಟ್ಟುವ ಉಪ್ಪೂ ಉಷ್ಣದ ಸಾಗಣೆಗೆ ಅಡ್ಡಿ. ಪ್ರತಿ ಯಾನದ ತರುವಾಯ ಸಿಹಿನೀರು ಹರಿಸಿ ತೊಳೆದರೆ ಅದು ಕಟ್ಟದು.

ಎರಡು ಎಚ್ಚರಿಕೆಗಳು: ಕಾದ ಎಂಜಿನ್ನಿನ ಮೇಲೆ ತಣ್ಣೀರು ಸುರಿಯಬಾರದು; ಲೋಹವು ಅಸಮವಾಗಿ ಕುಗ್ಗಿ ಬಿರಿಯಬಹುದು. ಪರೀಕ್ಷೆಗೆಂದು ನೀರಿಲ್ಲದೆ ಓಡಿಸಲೂಬಾರದು. ರಬ್ಬರಿನ ರೆಕ್ಕೆಗಳು ಬೇಗನೆ ಸವೆದು ಸುಟ್ಟುಹೋಗುತ್ತವೆ.