ದೂರಪ್ರವೇಶ ತಂತ್ರಾಂಶದ ನವೀಕರಣ: ವರ್ತಕರು ಗಮನಿಸಬೇಕಾದ ಅಂಶಗಳು

ಸಾಗರ, ಹೊಸನಗರ ಹಾಗೂ ತೀರ್ಥಹಳ್ಳಿಯ ಅಡಿಕೆ ವಹಿವಾಟಿನಲ್ಲಿ ರಾಶಿ, ಬೆಟ್ಟೆ, ಗೊರಬಲುಗಳ ತೂಕ, ಧಾರಣೆ, ಬೆಳೆಗಾರರ ಬಾಕಿ ಮುಂತಾದ ವಿವರಗಳು ಖಾತೆ ಪುಸ್ತಕದಿಂದ ಗಣಕಯಂತ್ರಕ್ಕೆ ಸಾಗಿವೆ. ಮಳೆಗಾಲದಲ್ಲಿ ಆಗುಂಬೆ, ಹುಲಿಕಲ್ ಸೀಮೆಗೆ ತಂತ್ರಜ್ಞರು ಬಂದುಹೋಗುವುದು ಸುಲಭವಲ್ಲ. ಲಿನಕ್ಸ್ ಸರ್ವರ್ ಹೊಂದಿರುವ ಸಂಸ್ಥೆಗೆ ಶಿವಮೊಗ್ಗ ಅಥವಾ ಬೆಂಗಳೂರಿನಿಂದಲೇ ದುರಸ್ತಿ ಮಾಡಿಸಿಕೊಳ್ಳುವ ಅನುಕೂಲವುಂಟು. ಇದಕ್ಕೆ ಬಳಕೆಯಾಗುವ ತಂತ್ರಾಂಶವೇ ಓಪನ್ ಎಸ್‌ಎಸ್‌ಎಚ್. ಈ ಹಿಂಬಾಗಿಲಿನ ಬೀಗ ಸಡಿಲವಾದರೆ ಇಡೀ ಲೆಕ್ಕಪತ್ರವೇ ಪರರ ವಶವಾಗಬಹುದು.

ಲೋಪದ ಸ್ವರೂಪ

2024ರ ಜುಲೈ 1ರಂದು ಕ್ವಾಲಿಸ್ ಸಂಸ್ಥೆಯು ಈ ತಂತ್ರಾಂಶದ ಗಂಭೀರ ಲೋಪವೊಂದನ್ನು ಪ್ರಕಟಿಸಿತು. ಗುಪ್ತಪದ ತಿಳಿಯದವನೂ ಯಂತ್ರದ ಸರ್ವಾಧಿಕಾರ ಪಡೆಯಲು ಅದು ಅವಕಾಶ ನೀಡುತ್ತಿತ್ತು. 2006ರಲ್ಲಿಯೇ ಸರಿಪಡಿಸಿದ್ದ ದೋಷವು 2020ರ ಮಾರ್ಪಾಡಿನಲ್ಲಿ ಮರಳಿ ನುಸುಳಿತ್ತು. 8.5ರಿಂದ 9.7ರವರೆಗಿನ ಆವೃತ್ತಿಗಳು ಬಾಧಿತವಾಗಿದ್ದವು, 9.8ರಲ್ಲಿ ಪರಿಹಾರ ದೊರೆಯಿತು.

ಸಂಖ್ಯೆಯ ಗೊಂದಲ

ಲಿನಕ್ಸ್ ವಿತರಕರು ಸಾಮಾನ್ಯವಾಗಿ ಹೊಸ ಆವೃತ್ತಿಯನ್ನು ನೀಡದೆ, ಹಳೆಯ ಆವೃತ್ತಿಗೇ ತೇಪೆ ಹಾಕಿ ಪ್ಯಾಕೇಜ್ ಕಳುಹಿಸುತ್ತಾರೆ. ಡೆಬಿಯನ್ 12ರಲ್ಲಿ ಈ ಲೋಪ ನಿವಾರಣೆಯಾದ ಬಳಿಕವೂ ಮೂಲ ಸಂಖ್ಯೆ 9.2 ಆಗಿಯೇ ಉಳಿಯಿತು. ಪ್ಯಾಕೇಜಿನ ಕೊನೆಯಲ್ಲಿ ಮಾತ್ರ ‘ಡೆಬ್12ಯು3’ ಎಂಬ ಗುರುತು ಸೇರಿತು. ಆದುದರಿಂದ ಮೊದಲ ಅಂಕಿಯನ್ನಷ್ಟೇ ನೋಡಿ ತೀರ್ಮಾನಿಸದೆ, ಪ್ಯಾಕೇಜಿನ ಪೂರ್ಣ ಸಂಖ್ಯೆಯನ್ನು ವಿತರಕರ ಭದ್ರತಾ ಪ್ರಕಟಣೆಯೊಂದಿಗೆ ತಾಳೆ ನೋಡತಕ್ಕದ್ದು.

ಬೀಗದ ಕೈಯೂ ಮುಖ್ಯ

ಕೆಲವೊಮ್ಮೆ ನವೀಕರಣವೊಂದೇ ಸಾಲದು. 2008ರ ಮೇ ತಿಂಗಳಲ್ಲಿ ಡೆಬಿಯನ್‌ನ ಓಪನ್ ಎಸ್‌ಎಸ್‌ಎಲ್ ಪ್ಯಾಕೇಜಿನ ದೋಷ ಬಯಲಾಯಿತು. 2006ರಿಂದ ಅದರ ಮೂಲಕ ತಯಾರಾದ ಪ್ರವೇಶ ಕೀಲಿಗಳು ಪ್ರತಿಯೊಂದು ಬಗೆಯಲ್ಲಿಯೂ ಸುಮಾರು 32 ಸಾವಿರಕ್ಕೆ ಸೀಮಿತವಾಗಿದ್ದು, ಒಂದೊಂದಾಗಿ ಪರೀಕ್ಷಿಸಿ ಕಂಡುಹಿಡಿಯುವುದು ಸಾಧ್ಯವಿತ್ತು. ತಂತ್ರಾಂಶ ಸರಿಹೋದರೂ ಹಳೆಯ ಕೀಲಿ ದುರ್ಬಲವಾಗಿಯೇ ಉಳಿಯುತ್ತಿದ್ದುದರಿಂದ ಅದನ್ನು ರದ್ದುಪಡಿಸಿ ಹೊಸದನ್ನು ರಚಿಸುವುದು ಅನಿವಾರ್ಯವಾಯಿತು.

ಅನುಸರಿಸಬೇಕಾದ ಕ್ರಮ

1. ನವೀಕರಣಕ್ಕೆ ಮುನ್ನ ಲೆಕ್ಕಪತ್ರದ ಪ್ರತಿಯನ್ನು ಬೇರೆ ಡಿಸ್ಕಿನಲ್ಲಿ ಇರಿಸಬೇಕು.

2. ಯುಪಿಎಸ್ ಸುಸ್ಥಿತಿಯಲ್ಲಿರಬೇಕು, ವಿದ್ಯುತ್ ಹೋಗಿಬರುವ ವೇಳೆಯನ್ನು ಆರಿಸಬಾರದು.

3. ದೂರದಿಂದ ನವೀಕರಿಸುವ ತಂತ್ರಜ್ಞರು ತೆರೆದಿರುವ ಸಂಪರ್ಕವನ್ನು ಹಾಗೆಯೇ ಉಳಿಸಿಕೊಂಡು, ಎರಡನೆಯ ಸಂಪರ್ಕದಿಂದ ಪ್ರವೇಶ ಪರೀಕ್ಷಿಸಬೇಕು. ಇಲ್ಲವಾದಲ್ಲಿ ಸಣ್ಣ ತಪ್ಪಿಗೂ ಘಟ್ಟದ ಪ್ರಯಾಣ ತಪ್ಪದು.

4. ಸೇವೆಯನ್ನು ಪುನರಾರಂಭಿಸಿದ ಬಳಿಕ ಪ್ಯಾಕೇಜಿನ ಸಂಖ್ಯೆ ಹಾಗೂ ದಿನಾಂಕವನ್ನು ವಹಿಯಲ್ಲಿ ಬರೆದಿಡಬೇಕು.

5. ಕೆಲಸ ಬಿಟ್ಟುಹೋದ ನೌಕರರ ಹಾಗೂ ಹಿಂದಿನ ಗುತ್ತಿಗೆದಾರರ ಕೀಲಿಗಳನ್ನು ತೆಗೆದುಹಾಕಬೇಕು.

ವಿತರಕರ ಬೆಂಬಲ ಮುಗಿದ ಲಿನಕ್ಸ್ ಆವೃತ್ತಿಗೆ ತೇಪೆಗಳು ಬರುವುದಿಲ್ಲ. ಅಂತಹ ಯಂತ್ರಕ್ಕೆ ವ್ಯವಸ್ಥೆಯನ್ನೇ ಬದಲಿಸುವುದು ಉಚಿತ. ‘ಅಪ್‌ಡೇಟ್ ಆಗಿದೆ’ ಎಂಬ ಬಾಯಿಮಾತನ್ನು ನಂಬದೆ ಬರಹದ ದಾಖಲೆಯನ್ನು ಕೇಳಿ ಪಡೆಯುವುದು ಮಾಲೀಕರ ಕರ್ತವ್ಯ. ತಕ್ಕಡಿಯನ್ನು ಕಾಲಕಾಲಕ್ಕೆ ಪರೀಕ್ಷಿಸಿ ಮುದ್ರೆ ಹಾಕಿಸುವ ವರ್ತಕರಿಗೆ ಈ ಶಿಸ್ತು ಹೊಸದೇನೂ ಅಲ್ಲ.