ಮುಖದ ಸುಕ್ಕು ಮತ್ತು ಮೂಳೆಯ ಬಲ

ದೆಹಲಿಯ ನೆರೆಯಲ್ಲಿರುವ ನೋಯ್ಡಾ 1976ರಲ್ಲಿ ಕೈಗಾರಿಕಾ ಪಟ್ಟಣವಾಗಿ ಸ್ಥಾಪನೆಯಾಯಿತು. ಇಂದು ಅದು ಬಹುಮಹಡಿ ವಸತಿಗಳ ದೊಡ್ಡ ನಗರ. ಇಲ್ಲಿನ ಅನೇಕ ಮಹಿಳೆಯರ ದಿನವೆಲ್ಲ ಮನೆ, ವಾಹನ ಮತ್ತು ಕಚೇರಿಗಳ ಒಳಗೇ ಕಳೆಯುತ್ತದೆ. ಬಿಸಿಲು ತಾಗದ ಮುಖವು ವಯಸ್ಸಿಗಿಂತ ಎಳೆಯದಾಗಿ ಕಾಣಬಹುದು. ಹಾಗೆಂದು ಮೂಳೆಗಳೂ ಗಟ್ಟಿಯಾಗಿವೆ ಎಂದು ನಂಬಬಹುದೇ?

ಚರ್ಮಕ್ಕೂ ಮೂಳೆಗೂ ಇರುವ ಸಂಬಂಧ

ಚರ್ಮಕ್ಕೆ ಬಿಗಿತನವನ್ನು ಕೊಡುವ ಕೊಲಾಜನ್ ಎಂಬ ಸಸಾರಜನಕವೇ ಮೂಳೆಯ ಹಂದರವೂ ಆಗಿದೆ. ಈ ಹಂದರದಲ್ಲಿ ಸುಣ್ಣ ಮತ್ತು ರಂಜಕದ ಲವಣಗಳು ಸೇರಿ ಮೂಳೆ ಗಟ್ಟಿಯಾಗುತ್ತದೆ. ಮುಟ್ಟು ನಿಂತಾಗ ದೇಹದಲ್ಲಿ ಈಸ್ಟ್ರೋಜನ್ ಹಾರ್ಮೋನು ಕುಗ್ಗುತ್ತದೆ. ಆಗ ಚರ್ಮದ ಕೊಲಾಜನ್ ಕಡಿಮೆಯಾಗುತ್ತದೆ; ಮೂಳೆಯ ಸವೆತವೂ ಅದರ ಮರುನಿರ್ಮಾಣವನ್ನು ಮೀರುತ್ತದೆ.

2011ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಡಾ. ಲುಬ್ನಾ ಪಾಲ್ ಮತ್ತು ಅವರ ಸಹೋದ್ಯೋಗಿಗಳು, ಮುಟ್ಟು ನಿಂತು ಮೂರು ವರ್ಷ ಮೀರದ 114 ಮಹಿಳೆಯರ ಅಧ್ಯಯನದ ಪ್ರಾಥಮಿಕ ವರದಿಯನ್ನು ಮಂಡಿಸಿದರು. ಮುಖ ಮತ್ತು ಕುತ್ತಿಗೆಯಲ್ಲಿ ಸುಕ್ಕು ಹೆಚ್ಚಾಗಿದ್ದವರಲ್ಲಿ ಮೂಳೆಯ ಸಾಂದ್ರತೆ ಕಡಿಮೆಯಿದ್ದುದು ಕಂಡುಬಂದಿತು. ಆದರೆ ಸುಕ್ಕಿನಿಂದ ಮೂಳೆ ಸವೆಯುತ್ತದೆ ಎಂದಾಗಲಿ, ಸುಕ್ಕಿಲ್ಲದವರಿಗೆ ಅಪಾಯವಿಲ್ಲ ಎಂದಾಗಲಿ ಇದರ ಅರ್ಥವಲ್ಲ.

ಮುಖವೇ ಅಳತೆಗೋಲಲ್ಲ

ಸುಕ್ಕಿಗೆ ವಯಸ್ಸೊಂದೇ ಕಾರಣವಲ್ಲ. ಬಿಸಿಲು, ಧೂಮಪಾನ ಮತ್ತು ವಂಶಗುಣಗಳೂ ಕಾರಣಗಳಾಗಿವೆ. ಹೊಲದಲ್ಲಿ ದುಡಿಯುವ ಮಹಿಳೆಯ ಮುಖ ಬೇಗ ಸುಕ್ಕುಗಟ್ಟಬಹುದು. ಆದರೆ ಅದೇ ದುಡಿಮೆ ಮತ್ತು ಬಿಸಿಲು ಮೂಳೆಗೆ ನೆರವಾಗುತ್ತವೆ. ನೆರಳಿನಲ್ಲೇ ಇರುವವರ ಚರ್ಮ ನುಣುಪಾಗಿ ಉಳಿದರೂ, ಆಹಾರದ ಸುಣ್ಣಾಂಶವನ್ನು ದೇಹ ಹೀರಿಕೊಳ್ಳಲು ಬೇಕಾದ ‘ಡಿ’ ಜೀವಸತ್ವದ ಕೊರತೆ ಉಂಟಾಗಬಹುದು. ದೆಹಲಿಯ ಅಖಿಲ ಭಾರತ ವೈದ್ಯವಿಜ್ಞಾನ ಸಂಸ್ಥೆಯ ತಜ್ಞರು 2000ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಬಯಲಿನಲ್ಲಿ ದುಡಿಯುವ ಸೈನಿಕರಿಗಿಂತ ಒಳಾಂಗಣದಲ್ಲಿ ಕೆಲಸ ಮಾಡುವ ವೈದ್ಯರು ಮತ್ತು ದಾದಿಯರಲ್ಲಿ ಈ ಜೀವಸತ್ವ ಬಹಳ ಕಡಿಮೆಯಿದ್ದುದು ಕಂಡುಬಂದಿತು. ದೆಹಲಿ, ನೋಯ್ಡಾಗಳ ಚಳಿಗಾಲದ ಮಂಜು ಮತ್ತು ಹೊಗೆ ಬಿಸಿಲಿನ ಈ ಪ್ರಯೋಜನವನ್ನು ಇನ್ನಷ್ಟು ತಗ್ಗಿಸುತ್ತವೆ.

ಗಮನಿಸಬೇಕಾದ ಸೂಚನೆಗಳು

ಮೂಳೆ ಟೊಳ್ಳಾಗುವ ಆಸ್ಟಿಯೋಪೊರೋಸಿಸ್ ಸಾಮಾನ್ಯವಾಗಿ ನೋವಿಲ್ಲದೆ ಬೆಳೆಯುತ್ತದೆ. ಅನೇಕರಿಗೆ ಮೂಳೆ ಮುರಿದ ಮೇಲೆಯೇ ಅದರ ಅರಿವಾಗುತ್ತದೆ. ಎತ್ತರ ಕುಗ್ಗುವುದು, ಬೆನ್ನು ಬಾಗುವುದು, ಸಣ್ಣ ಪೆಟ್ಟಿಗೇ ಮಣಿಕಟ್ಟು ಮುರಿಯುವುದು ಇದರ ಸೂಚನೆಗಳು. 45 ವರ್ಷಕ್ಕೆ ಮೊದಲೇ ಮುಟ್ಟು ನಿಂತವರು, ಚಿಕ್ಕ ವಯಸ್ಸಿನಲ್ಲೇ ಶಸ್ತ್ರಚಿಕಿತ್ಸೆಯಿಂದ ಅಂಡಾಶಯಗಳನ್ನು ತೆಗೆಸಿಕೊಂಡವರು, ದೀರ್ಘಕಾಲ ಸ್ಟೀರಾಯ್ಡ್ ಸೇವಿಸಿದವರು ಹಾಗೂ ಹೆತ್ತವರಿಗೆ ಸೊಂಟದ ಮೂಳೆ ಮುರಿದಿದ್ದವರು, ನೋಡಲು ಎಷ್ಟೇ ಎಳೆಯರಾಗಿ ಕಂಡರೂ ವೈದ್ಯರ ಸಲಹೆ ಪಡೆಯಬೇಕು. ಅಗತ್ಯವೆನಿಸಿದರೆ ವೈದ್ಯರು ಡೆಕ್ಸಾ ಎಂಬ ಕ್ಷ-ಕಿರಣ ಪರೀಕ್ಷೆಯನ್ನು ಸೂಚಿಸುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆ 1994ರಲ್ಲಿ ನಿಗದಿಪಡಿಸಿದಂತೆ, ಈ ಪರೀಕ್ಷೆಯ ಟಿ-ಅಂಕ ಮೈನಸ್ 2.5 ಅಥವಾ ಅದಕ್ಕಿಂತ ಕೆಳಗಿದ್ದರೆ ರೋಗವಿದೆಯೆಂದು ಪರಿಗಣಿಸಲಾಗುತ್ತದೆ.

ಅನುಸರಿಸಬೇಕಾದ ಕ್ರಮಗಳು

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಶಿಫಾರಸಿನಂತೆ ವಯಸ್ಕ ಮಹಿಳೆಗೆ ದಿನಕ್ಕೆ 1,000 ಮಿಲಿಗ್ರಾಂ, ಮುಟ್ಟು ನಿಂತವರಿಗೆ 1,200 ಮಿಲಿಗ್ರಾಂ ಸುಣ್ಣಾಂಶ ಬೇಕು. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣಾಂಶವಿದೆ. ಹಿಂದಿಯಲ್ಲಿ ಮಂಡುವಾ ಎನ್ನುವುದು ಈ ರಾಗಿಯನ್ನೇ. ಹಾಲು, ಮೊಸರು, ಎಳ್ಳು ಮತ್ತು ಸೊಪ್ಪುಗಳೂ ಉಪಯುಕ್ತ.

ಕಿಟಕಿಯ ಗಾಜಿನ ಮೂಲಕ ಬರುವ ಬಿಸಿಲಿನಿಂದ ‘ಡಿ’ ಜೀವಸತ್ವ ದೊರೆಯದು. ಮುಖದ ಚರ್ಮದ ಬಗ್ಗೆ ಕಾಳಜಿಯಿರುವವರು ಮುಖಕ್ಕೆ ನೆರಳು ಮಾಡಿಕೊಂಡು, ತೋಳು ಮತ್ತು ಕಾಲುಗಳಿಗೆ ಸ್ವಲ್ಪ ಹೊತ್ತು ನೇರ ಬಿಸಿಲು ತಾಗುವಂತೆ ಮಹಡಿಯ ಮೇಲೆ ಅಥವಾ ಅಂಗಳದಲ್ಲಿ ಕುಳಿತುಕೊಳ್ಳಬಹುದು. ಪ್ರತಿದಿನ ಚುರುಕಾಗಿ ನಡೆಯುವುದು, ಮೆಟ್ಟಿಲು ಹತ್ತುವುದು ಒಳ್ಳೆಯದು. ಬಚ್ಚಲುಮನೆಯ ನೆಲ ಜಾರದಂತೆ ನೋಡಿಕೊಳ್ಳಬೇಕು. ಮಾತ್ರೆಗಳನ್ನು ವೈದ್ಯರ ಸಲಹೆಯಿಂದ ಮಾತ್ರ ಸೇವಿಸಬೇಕು.

ಸುಕ್ಕನ್ನು ಮರೆಮಾಚುವ ಲೇಪನಗಳು ಮೂಳೆಯನ್ನು ಬಲಪಡಿಸಲಾರವು. ಮುಟ್ಟು ನಿಲ್ಲುವ ಕಾಲದಲ್ಲಿ ಪ್ರತಿಯೊಬ್ಬ ಮಹಿಳೆಯೂ ತನ್ನ ಮೂಳೆಗಳ ಬಗ್ಗೆ ವೈದ್ಯರೊಡನೆ ಒಮ್ಮೆಯಾದರೂ ವಿಚಾರಿಸುವುದು ಸೂಕ್ತ.