ತುಕ್ಕು ಹಿಡಿಯದ ಉಕ್ಕು ಸವೆಯದಂತೆ ಮಾಡುವುದು ಹೇಗೆ?

ತರಗತಿ: 10
ವಿಷಯ: ವಿಜ್ಞಾನ
ಘಟಕ: ಲೋಹಗಳು ಮತ್ತು ಅಲೋಹಗಳು (ಮಿಶ್ರಲೋಹ – ವಿಸ್ತರಣಾ ಪಾಠ)
ಅವಧಿ: 40 ನಿಮಿಷ
ಬೋಧನೋಪಕರಣ: ಸ್ಟೀಲ್ ಲೋಟ, ಅಂಚಿರುವ ತಟ್ಟೆ, ಬಾಟಲಿ ಮುಚ್ಚಳಗಳು, ರಾಗಿ, ಕಡಲೆಕಾಳು

ಉದ್ದೇಶ
ಸ್ಟೇನ್‌ಲೆಸ್ ಸ್ಟೀಲ್ ಗಟ್ಟಿ, ತುಕ್ಕು ಹಿಡಿಯದು ಎಂದು ಮಕ್ಕಳು ಒಂದೇ ಉಸಿರಿನಲ್ಲಿ ಹೇಳುತ್ತಾರೆ. ಇವು ಎರಡು ಬೇರೆ ಗುಣಗಳು. ಒಂದನ್ನು ಹೆಚ್ಚಿಸಲು ಹೋದರೆ ಇನ್ನೊಂದು ಕೆಡಬಹುದು. ಇದನ್ನು ವಿದ್ಯಾರ್ಥಿಗಳು ಕಾರಣಸಹಿತ ವಿವರಿಸುವಂತಾಗಬೇಕು.

ಪೀಠಿಕೆ
ಹಳೆಯ ಲೋಟವನ್ನು ತೋರಿಸಿ ಕೇಳುವುದು: ಇದರಲ್ಲಿ ತುಕ್ಕು ಇದೆಯೇ? ಗೀರುಗಳಿವೆಯೇ? ತುಕ್ಕಿಲ್ಲ, ಗೀರುಗಳಿವೆ. ಹಾಗಾದರೆ ತುಕ್ಕು ತಡೆಯುವುದು ಯಾವುದು, ಗೀರು ತಡೆಯದಿರುವುದು ಏಕೆ?

ವಿವರಣೆ
304 ದರ್ಜೆಯ ಉಕ್ಕಿನಲ್ಲಿ ಸುಮಾರು 18% ಕ್ರೋಮಿಯಂ, 8% ನಿಕ್ಕಲ್ ಇರುತ್ತವೆ. ಕ್ರೋಮಿಯಂ ಗಾಳಿಯ ಆಕ್ಸಿಜನ್ ಜೊತೆ ಸೇರಿ ಕೆಲವೇ ನ್ಯಾನೋಮೀಟರ್ ದಪ್ಪದ ಆಕ್ಸೈಡ್ ಪೊರೆಯಾಗುತ್ತದೆ. ತುಕ್ಕನ್ನು ತಡೆಯುವುದು ಈ ಪೊರೆ. ಆದರೆ ಅದರ ಕೆಳಗಿನ ಲೋಹ ಮೆದು; ವಿಕರ್ಸ್ ಮಾಪನದಲ್ಲಿ ಸುಮಾರು 200. ಒತ್ತಡದಲ್ಲಿ ಎರಡು ಭಾಗಗಳು ಉಜ್ಜಿಕೊಂಡರೆ ಪೊರೆ ಹರಿದು, ಲೋಹಕ್ಕೆ ಲೋಹ ಅಂಟಿಕೊಳ್ಳುತ್ತದೆ. ಸ್ಟೀಲ್ ಬೋಲ್ಟಿಗೆ ನಟ್ ಕಚ್ಚಿಕೊಳ್ಳುವುದು ಹೀಗೆಯೇ.

ಪರಿಹಾರವೆಂದರೆ ಮೇಲ್ಮೈಗೆ ನೈಟ್ರೋಜನ್ ತುಂಬುವುದು. ಗಾಳಿ ತೆಗೆದ ಕೋಣೆಯಲ್ಲಿ ನೈಟ್ರೋಜನ್ ಮತ್ತು ಹೈಡ್ರೋಜನ್ ಅನಿಲಗಳನ್ನು ಕಡಿಮೆ ಒತ್ತಡದಲ್ಲಿ ಬಿಟ್ಟು, ಕೆಲವು ನೂರು ವೋಲ್ಟ್ ಹಾಯಿಸಿದರೆ ಅನಿಲ ಪ್ಲಾಸ್ಮಾ ಆಗಿ ಹೊಳೆಯುತ್ತದೆ. ಅಯಾನುಗಳು ಬಡಿದು ಆಕ್ಸೈಡ್ ಪೊರೆಯನ್ನು ಕಿತ್ತುಹಾಕುತ್ತವೆ; ನೈಟ್ರೋಜನ್ ಗಂಟೆಗಟ್ಟಲೆ ನಿಧಾನವಾಗಿ ಒಳಗಿಳಿಯುತ್ತದೆ. ಗಾಂಧಿನಗರದ ಪ್ಲಾಸ್ಮಾ ಸಂಶೋಧನಾ ಸಂಸ್ಥೆ ಈ ವಿಧಾನವನ್ನು ನಮ್ಮ ಕೈಗಾರಿಕೆಗಳಿಗಾಗಿ ಅಭಿವೃದ್ಧಿಪಡಿಸಿದೆ.

ಚಟುವಟಿಕೆ
ತಟ್ಟೆಯಲ್ಲಿ ಮುಚ್ಚಳಗಳನ್ನು ಒತ್ತಾಗಿ ಜೋಡಿಸಿ. ಅವು ಉಕ್ಕಿನ ಪರಮಾಣುಗಳು. ಸಂದಿಗೆ ರಾಗಿ ಹಾಕಿದರೆ ಏನೂ ಆಗದು. ಕಡಲೆಕಾಳು ತುರುಕಿದರೆ ಮುಚ್ಚಳಗಳು ಪಕ್ಕಕ್ಕೆ ಸರಿದು, ಅಂಚಿಗೆ ಒತ್ತಿಕೊಂಡು ಬಿಗಿಯಾಗುತ್ತವೆ, ಸುಲಭವಾಗಿ ಜಾರವು. ನೈಟ್ರೋಜನ್ ಕಡಲೆಕಾಳಿನಂತೆ. ಪರಮಾಣುಗಳ ಸಾಲು ಜಾರದಿದ್ದರೆ ಲೋಹ ಗಟ್ಟಿ. (ಇದು ಚಪ್ಪಟೆ ಮಾದರಿ, ನಿಜವಾದ ಜೋಡಣೆ ಮೂರು ಆಯಾಮದ್ದು ಎಂದು ತಿಳಿಸಬೇಕು.)

ಮುಖ್ಯ ಅಂಶ: ಉಷ್ಣತೆ
550° ಸೆ. ಆಸುಪಾಸಿನಲ್ಲಿ ಕ್ರೋಮಿಯಂ ಕೂಡ ಚಲಿಸಿ ನೈಟ್ರೋಜನ್ ಜೊತೆ ಕ್ರೋಮಿಯಂ ನೈಟ್ರೈಡ್ ಆಗುತ್ತದೆ. ಮೇಲ್ಮೈ ಗಟ್ಟಿಯಾಗುತ್ತದೆ ನಿಜ; ಆದರೆ ಪೊರೆ ಕಟ್ಟಲು ಬೇಕಾದ ಕ್ರೋಮಿಯಂ ಸಾಲದೆ ತುಕ್ಕು ಹಿಡಿಯುತ್ತದೆ. ಸುಮಾರು 450° ಸೆ.ಗಿಂತ ಕೆಳಗೆ ಚಿಕ್ಕ ನೈಟ್ರೋಜನ್ ಪರಮಾಣು ಚಲಿಸಬಲ್ಲದು, ದೊಡ್ಡ ಕ್ರೋಮಿಯಂ ಹೆಚ್ಚುಕಡಿಮೆ ಇದ್ದಲ್ಲೇ ಉಳಿಯುತ್ತದೆ. ಆಗ ಸಿಗುವ ಪದರದ ದಪ್ಪ ಕೂದಲೆಳೆಗಿಂತ ಕಡಿಮೆ, ಗಡಸುತನ 1000 ವಿಕರ್ಸ್ ದಾಟುತ್ತದೆ. ತುಕ್ಕುನಿರೋಧಕತೆಯೂ ಉಳಿಯುತ್ತದೆ. ಪಂಪು, ಕವಾಟ, ಆಹಾರ ತಯಾರಿಕಾ ಯಂತ್ರಗಳ ಉಜ್ಜುವ ಭಾಗಗಳಿಗೆ ಇದು ಉಪಯುಕ್ತ.

ಮೌಲ್ಯಮಾಪನ
1. ತುಕ್ಕು ಮತ್ತು ಸವೆತಕ್ಕೆ ಇರುವ ವ್ಯತ್ಯಾಸವೇನು?
2. ಕೆಲಸ ಬೇಗ ಮುಗಿಯಲೆಂದು ಕುಲುಮೆಯ ಉಷ್ಣತೆಯನ್ನು 550° ಸೆ.ಗೆ ಏರಿಸಿದರೆ ಏನು ಲಾಭ, ಏನು ನಷ್ಟ?

ಬೋಧಕರಿಗೆ ಸೂಚನೆ
ಎರಡನೆಯ ಪ್ರಶ್ನೆಗೆ "ಗಟ್ಟಿಯಾಗುತ್ತದೆ" ಎಂಬಷ್ಟೇ ಉತ್ತರ ಸಾಲದು. "ಕ್ರೋಮಿಯಂ ಎಲ್ಲಿ ಹೋಯಿತು?" ಎಂದು ಮರುಪ್ರಶ್ನಿಸಿ. ಅದಕ್ಕೆ ಉತ್ತರ ಬಂದರೆ ಪಾಠ ತಲುಪಿದಂತೆ.

ಗೃಹಪಾಠ
ಮನೆಯಲ್ಲಿರುವ ಲೋಹದ ಐದು ವಸ್ತುಗಳನ್ನು ನೋಡಿ, ಪ್ರತಿಯೊಂದೂ ಹಾಳಾಗಿರುವುದು ತುಕ್ಕಿನಿಂದಲೋ ಸವೆತದಿಂದಲೋ ಬರೆದು ತನ್ನಿ.